ಕೊಲೋನಸಿನ ಕವಿ ಸೊಫೊಕ್ಲಿಸ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಶಾಲೆಯ ಹಳೆಯ ನೆನಪುಗಳನ್ನು ಬರೆಯುವೆನೆಂದೇ ಅವರು ಭಾವಿಸಿರಬೇಕು. ಆ ಕಾರ್ಯವನ್ನು ನನಗಿಂತ ಚೆನ್ನಾಗಿ ಮಾಡಬಲ್ಲ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ನಾನು ಎರಡೂವರೆ ಸಾವಿರ ವರ್ಷಗಳ ಹಿಂದೆ ಬಾಳಿದ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಜೀವನವನ್ನು ಹೇಳಬಯಸುತ್ತೇನೆ. ಕಾಸರಗೋಡಿನ ಕನ್ನಡ ಶಾಲೆಗೂ ಅಥೆನ್ಸಿನ ಕವಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಅದನ್ನು ಕೊನೆಯಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಾನು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ಅಧ್ಯಾಪಕ ತರಬೇತಿ ಪಡೆದು ವೃತ್ತಿಗೆ ಸೇರಿದವನು. ಗ್ರೀಕ್ ಭಾಷೆಯ ಒಂದಕ್ಷರವೂ ನನಗೆ ಬಾರದು. ಆ ನಾಡಿನ ಬಾಗಿಲನ್ನು ನನಗೆ ತೆರೆದುದು ಕನ್ನಡವೇ. ಆಚಾರ್ಯ ಬಿ.ಎಂ.ಶ್ರೀಕಂಠಯ್ಯನವರು 1929ರಲ್ಲಿ ಪ್ರಕಟಿಸಿದ ಅಶ್ವತ್ಥಾಮನ್ ನಾಟಕವು ಸೊಫೊಕ್ಲಿಸನ ಏಜಾಕ್ಸ್ ನಾಟಕದ ರೂಪಾಂತರ. ಗ್ರೀಕ್ ವೀರನ ಅವಮಾನವನ್ನೂ ಅಳಲನ್ನೂ ಅವರು ನಮ್ಮ ಮಹಾಭಾರತದ ವೀರನಿಗೆ ತೊಡಿಸಿದರು. ಮುಂದೆ ಪಿ.ಲಂಕೇಶರು ಈಡಿಪಸ್ ಮತ್ತು ಅಂತಿಗೊನೆ ನಾಟಕಗಳನ್ನು ಕನ್ನಡಕ್ಕೆ ತಂದರು. ಇಂಥ ಪುಸ್ತಕಗಳ ಮೂಲಕವೇ ಈ ಕವಿ ನನಗೆ ಪರಿಚಿತನಾದನು.

ಸೊಫೊಕ್ಲಿಸನು ಕ್ರಿ.ಪೂ. ಸುಮಾರು 496ರಲ್ಲಿ, ಅಥೆನ್ಸ್ ನಗರದ ಹೊರವಲಯದ ಕೊಲೋನಸ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಸೊಫಿಲಸನು ಆಯುಧಗಳನ್ನು ತಯಾರಿಸುವ ಕಾರ್ಯಾಗಾರದ ಒಡೆಯನಾಗಿದ್ದುದರಿಂದ ಮನೆಯಲ್ಲಿ ಬಡತನವಿರಲಿಲ್ಲ. ಬಾಲಕನಿಗೆ ಸಂಗೀತ, ನರ್ತನ, ಅಂಗಸಾಧನೆಗಳಲ್ಲಿ ಒಳ್ಳೆಯ ಶಿಕ್ಷಣ ದೊರೆಯಿತು. ಲ್ಯಾಂಪ್ರಸ್ ಎಂಬ ಪ್ರಸಿದ್ಧ ಸಂಗೀತಗಾರನು ಅವನ ಗುರುವಾಗಿದ್ದನೆಂದು ಪ್ರಾಚೀನರು ಹೇಳುತ್ತಾರೆ. ಕ್ರಿ.ಪೂ. 480ರಲ್ಲಿ ಸಲಾಮಿಸಿನ ನೌಕಾಯುದ್ಧದಲ್ಲಿ ಗ್ರೀಕರು ಪಾರಸಿಕರ ಮಹಾಸೈನ್ಯವನ್ನು ಸೋಲಿಸಿದರು. ಆ ವಿಜಯೋತ್ಸವದಲ್ಲಿ, ಹದಿನಾರರ ಆಸುಪಾಸಿನ ಸೊಫೊಕ್ಲಿಸನು ಕೈಯಲ್ಲಿ ಲೈರ್ ವಾದ್ಯವನ್ನು ಹಿಡಿದು ಬಾಲಕರ ಮೇಳಕ್ಕೆ ಮುಂದಾಳಾಗಿ ಹಾಡಿದನಂತೆ. ನಗರದ ಕಣ್ಣಿಗೆ ಅವನು ಮೊದಲು ಬಿದ್ದುದು ಒಬ್ಬ ಶಾಲಾ ಬಾಲಕನಾಗಿ ಎಂಬುದು ನಾವು ಗಮನಿಸಬೇಕಾದ ಸಂಗತಿ.

ಆ ಕಾಲದ ಗ್ರೀಕ್ ರಂಗಭೂಮಿಯನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯಕ. ಅಥೆನ್ಸಿನಲ್ಲಿ ನಾಟಕವು ಪ್ರತಿ ವಸಂತದಲ್ಲಿ ಡಯೋನಿಸಸ್ ದೇವರ ಉತ್ಸವದ ಅಂಗವಾಗಿ ನಡೆಯುತ್ತಿತ್ತು. ಅಕ್ರೊಪೊಲಿಸ್ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ ಸಾವಿರಾರು ಜನರು ಬಯಲಿನಲ್ಲಿ ಕುಳಿತು ಹಗಲು ಹೊತ್ತಿನಲ್ಲೇ ನಾಟಕಗಳನ್ನು ನೋಡುತ್ತಿದ್ದರು. ಇಂದು ಅಲ್ಲಿ ಕಾಣುವ ಕಲ್ಲಿನ ಆಸನಗಳು ಅನಂತರದವು; ಸೊಫೊಕ್ಲಿಸನ ದಿನಗಳಲ್ಲಿ ಮರದ ಹಲಗೆಗಳಿದ್ದವು. ಇಳಿಜಾರಿನ ಬುಡದಲ್ಲಿ ಮೇಳದವರು ಹಾಡಿ ಕುಣಿಯುವ ಬಯಲು, ಅದರ ಹಿಂದೆ ಮರದ ಒಂದು ನೇಪಥ್ಯಗೃಹ, ರಂಗಮಂದಿರವೆಂದರೆ ಇಷ್ಟೇ. ಸ್ತ್ರೀಪಾತ್ರಗಳನ್ನೂ ಪುರುಷರೇ ಮುಖವಾಡ ಧರಿಸಿ ಅಭಿನಯಿಸುತ್ತಿದ್ದರು. ಯಕ್ಷಗಾನದ ನಾಡಿನವರಾದ ನಮಗೆ ಇದೊಂದೂ ಅಪರಿಚಿತವೆನಿಸದು. ನಮ್ಮ ಭಾಗವತರು ಕಥೆಯನ್ನು ಹಾಡಿ ನಡೆಸುವಂತೆ, ಅಲ್ಲಿಯ ಮೇಳವು ಕಥೆಯ ನಡುನಡುವೆ ಹಾಡುತ್ತ, ಪಾತ್ರಗಳೊಡನೆ ಮರುಗುತ್ತ, ಎಚ್ಚರಿಸುತ್ತ ಸಾಗುತ್ತಿತ್ತು.

ಉತ್ಸವದಲ್ಲಿ ಮೂವರು ಕವಿಗಳ ನಡುವೆ ಸ್ಪರ್ಧೆ ಏರ್ಪಡುತ್ತಿತ್ತು. ಕ್ರಿ.ಪೂ. 468ರಲ್ಲಿ ಸೊಫೊಕ್ಲಿಸನು ಸುಪ್ರಸಿದ್ಧ ಹಿರಿಯ ಕವಿ ಈಸ್ಕಿಲಸನನ್ನೇ ಸೋಲಿಸಿ ಪ್ರಥಮ ಬಹುಮಾನವನ್ನು ಗಳಿಸಿದನು. ಅಲ್ಲಿಂದ ಅರುವತ್ತಕ್ಕೂ ಹೆಚ್ಚು ವರ್ಷ ಅವನ ಲೇಖನಿ ನಿಲ್ಲಲಿಲ್ಲ. ಅವನು ರಚಿಸಿದ ನಾಟಕಗಳು ನೂರ ಇಪ್ಪತ್ತಕ್ಕೂ ಹೆಚ್ಚೆಂದು ಪ್ರಾಚೀನರು ಲೆಕ್ಕ ಹೇಳುತ್ತಾರೆ. ಡಯೋನಿಸಸ್ ಉತ್ಸವದಲ್ಲಿಯೇ 18 ಬಾರಿ ಗೆದ್ದನು. ಮೂರನೆಯ ಸ್ಥಾನಕ್ಕೆ ಒಮ್ಮೆಯೂ ಇಳಿಯಲಿಲ್ಲವೆಂದು ಪ್ರತೀತಿ. ಆದರೆ ಇಂದು ಜಗತ್ತು ಅವನ ಅತ್ಯುತ್ತಮ ಕೃತಿಯೆಂದು ಕೊಂಡಾಡುವ ದೊರೆ ಈಡಿಪಸ್ ನಾಟಕಕ್ಕೆ ದೊರೆತುದು ಎರಡನೆಯ ಸ್ಥಾನ! ಬಹುಮಾನ ಬಾರದೆಂದು ಅತ್ತ ಮಕ್ಕಳನ್ನು ಸಮಾಧಾನಪಡಿಸಲು ನಾನು ಈ ಸಂಗತಿಯನ್ನು ಎಷ್ಟೋ ಸಲ ಹೇಳಿದ್ದೇನೆ.

ನಾಟಕಕಲೆಗೆ ಅವನು ತಂದ ಸುಧಾರಣೆಗಳು ಮಹತ್ತರವಾದುವು. ಅವನಿಗಿಂತ ಮೊದಲು ಮೇಳವನ್ನು ಬಿಟ್ಟರೆ ಇಬ್ಬರೇ ನಟರು ಎಲ್ಲ ಪಾತ್ರಗಳನ್ನೂ ವಹಿಸುತ್ತಿದ್ದರು. ಸೊಫೊಕ್ಲಿಸನು ಮೂರನೆಯ ನಟನನ್ನು ತಂದನು. ಚಿತ್ರಿತ ದೃಶ್ಯಫಲಕಗಳನ್ನು ರಂಗಕ್ಕೆ ತಂದವನೂ ಅವನೇ ಎಂದು ಅರಿಸ್ಟಾಟಲನು ಹೇಳುತ್ತಾನೆ. ಮೇಳದವರ ಸಂಖ್ಯೆಯನ್ನು 12ರಿಂದ 15ಕ್ಕೆ ಏರಿಸಿದನು. ಇಬ್ಬರು ವಾದಿಸುವಾಗ ಮೂರನೆಯವನೊಬ್ಬನು ಮೌನವಾಗಿ ಕೇಳುತ್ತ ನಿಂತರೆ, ಆ ಮೌನಕ್ಕೂ ಅರ್ಥ ಬರುತ್ತದೆ. ಈಡಿಪಸನ ನಾಟಕದಲ್ಲಿ ದೊರೆಯೂ ದೂತನೂ ಮಾತನಾಡುತ್ತಿರುವಾಗ, ಪಕ್ಕದಲ್ಲಿ ನಿಂತ ರಾಣಿಗೆ ಭಯಂಕರ ಸತ್ಯವು ಎಲ್ಲರಿಗಿಂತ ಮೊದಲೇ ಹೊಳೆಯುತ್ತದೆ. ಮೂರನೆಯ ನಟನಿಲ್ಲದಿದ್ದರೆ ಆ ದೃಶ್ಯವು ಸಾಧ್ಯವಾಗುತ್ತಿರಲಿಲ್ಲ. ಆರಂಭದಲ್ಲಿ ಅವನೂ ರಂಗದ ಮೇಲೆ ಅಭಿನಯಿಸುತ್ತಿದ್ದನು. ಕಂಠವು ದುರ್ಬಲವಾದ್ದರಿಂದ ಆ ಕಾರ್ಯವನ್ನು ತ್ಯಜಿಸಿದನೆಂದು ಹೇಳುತ್ತಾರೆ.

ಅವನು ಕೇವಲ ಕವಿಯಾಗಿ ಉಳಿಯಲಿಲ್ಲ. ಆಗ ಪೆರಿಕ್ಲೀಸನ ನಾಯಕತ್ವದಲ್ಲಿ ಅಥೆನ್ಸ್ ತನ್ನ ವೈಭವದ ಶಿಖರವನ್ನು ಏರುತ್ತಿತ್ತು. ರಂಗಭೂಮಿಯ ಮೇಲ್ಗಡೆಯೇ, ಬೆಟ್ಟದ ನೆತ್ತಿಯಲ್ಲಿ, ಕ್ರಿ.ಪೂ. 447ರಲ್ಲಿ ಪಾರ್ಥೆನಾನ್ ದೇವಾಲಯದ ನಿರ್ಮಾಣವು ಆರಂಭವಾಯಿತು. ಇಕ್ಟಿನಸ್ ಮತ್ತು ಕ್ಯಾಲಿಕ್ರೇಟಿಸ್ ಅದರ ವಾಸ್ತುಶಿಲ್ಪಿಗಳು. ಒಳಗಿನ ಅಥೀನಾ ದೇವಿಯ ಚಿನ್ನ ಮತ್ತು ದಂತದ ಮೂರ್ತಿಯನ್ನು ಶಿಲ್ಪಿ ಫಿಡಿಯಾಸನು ರೂಪಿಸಿದನು. ಮುಂಭಾಗದಲ್ಲಿ 8, ಪಾರ್ಶ್ವಗಳಲ್ಲಿ 17 ಅಮೃತಶಿಲೆಯ ಕಂಬಗಳುಳ್ಳ ಈ ಮಂದಿರದ ಕೆಲಸವು ಕ್ರಿ.ಪೂ. 432ರಲ್ಲಿ ಮುಗಿಯಿತು. ಆ ನಿರ್ಮಾಣದ ವರ್ಷಗಳಲ್ಲಿಯೇ, ಕ್ರಿ.ಪೂ. 443-442ರಲ್ಲಿ, ಮಿತ್ರನಗರಗಳು ಸಲ್ಲಿಸುವ ಕಾಣಿಕೆಯ ಹಣವನ್ನು ನೋಡಿಕೊಳ್ಳುವ ಖಜಾಂಚಿಗಳಲ್ಲಿ ಒಬ್ಬನಾಗಿ ಸೊಫೊಕ್ಲಿಸನು ಸೇವೆ ಸಲ್ಲಿಸಿದನು. ಮುಂದೆ ಸೇಮಾಸ್ ದ್ವೀಪದ ಯುದ್ಧದ ಕಾಲದಲ್ಲಿ, ಪೆರಿಕ್ಲೀಸನೊಡನೆ ಹತ್ತು ಮಂದಿ ಸೇನಾನಿಗಳಲ್ಲಿ ಒಬ್ಬನಾಗಿ ಜನರು ಅವನನ್ನು ಆರಿಸಿದರು. ಅಂತಿಗೊನೆ ನಾಟಕಕ್ಕೆ ಮೆಚ್ಚಿ ಈ ಪದವಿಯನ್ನು ಕೊಟ್ಟರೆಂಬ ಐತಿಹ್ಯವಿದೆ.

ಅಂತಿಗೊನೆಯ ಕಥೆಯನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ದೇಶದ್ರೋಹಿಯೆಂದು ಘೋಷಿತನಾದ ಅಣ್ಣನ ಶವವನ್ನು ಯಾರೂ ಹೂಳಕೂಡದೆಂದು ದೊರೆಯ ಕಟ್ಟಪ್ಪಣೆ. ತಂಗಿ ಅದನ್ನು ಮೀರಿ ಮಣ್ಣು ಹಾಕುತ್ತಾಳೆ, ಪ್ರಾಣವನ್ನು ತೆರುತ್ತಾಳೆ. ಏಜಾಕ್ಸ್ ನಾಟಕದಲ್ಲಿಯೂ ಸತ್ತ ವೀರನ ಸಂಸ್ಕಾರವನ್ನು ಕುರಿತೇ ಕೊನೆಯ ವಾದ. ಅಲ್ಲಿ ಅವನ ವೈರಿಯಾದ ಒಡಿಸ್ಯೂಸನೇ ಮುಂದೆ ಬಂದು ಸಂಸ್ಕಾರ ನಡೆಯಲೆಂದು ವಾದಿಸುತ್ತಾನೆ. ಸತ್ತವರೊಡನೆ ಹಗೆ ಸಲ್ಲದೆಂಬ ಧರ್ಮವು ಈ ಕವಿಯ ಮನಸ್ಸಿನಲ್ಲಿ ಆಳವಾಗಿ ಬೇರೂರಿತ್ತು.

ಕ್ರಿ.ಪೂ. 431ರಲ್ಲಿ ಅಥೆನ್ಸಿಗೂ ಸ್ಪಾರ್ಟಾಕ್ಕೂ ಮಹಾಯುದ್ಧವು ಆರಂಭವಾಯಿತು. ಮರುವರ್ಷವೇ ನಗರಕ್ಕೆ ಮಾರಿಯಂಥ ಪಿಡುಗು ಬಡಿಯಿತು. ಪೆರಿಕ್ಲೀಸನೂ ಅದಕ್ಕೆ ಬಲಿಯಾದನು. ಇಂಥ ದಿನಗಳನ್ನು ಕಂಡ ಕವಿಯ ಈಡಿಪಸ್ ನಾಟಕವು ಪಿಡುಗಿಗೆ ಸಿಕ್ಕಿದ ನಗರವೊಂದರ ಚಿತ್ರದಿಂದಲೇ ಆರಂಭವಾಗುತ್ತದೆ. ಕ್ರಿ.ಪೂ. 420ರಲ್ಲಿ ಆರೋಗ್ಯದೇವತೆಯಾದ ಅಸ್ಕ್ಲೀಪಿಯಸನ ಆರಾಧನೆಯನ್ನು ಅಥೆನ್ಸಿಗೆ ತಂದಾಗ, ಗುಡಿ ಸಿದ್ಧವಾಗುವವರೆಗೆ ಆ ದೇವತೆಗೆ ತನ್ನ ಮನೆಯಲ್ಲಿ ಸ್ಥಳ ಕೊಟ್ಟವನು ಸೊಫೊಕ್ಲಿಸನೆಂದು ಪ್ರತೀತಿ. ಆ ದೇವತೆಯ ಪವಿತ್ರ ಲಾಂಛನವು ಸರ್ಪವೆಂಬುದು ನಾಗಾರಾಧನೆಯ ನಾಡಿನವರಿಗೆ ಆಪ್ತವೆನಿಸೀತು.

ಇನ್ನು ಅವನ ಮುಪ್ಪಿನ ಸಂಗತಿ. ಮಗ ಅಯೋಫಾನನೂ ನಾಟಕಕಾರನೇ. ತಂದೆಗೆ ಅರಳುಮರಳಾಗಿದೆ, ಮನೆತನದ ವ್ಯವಹಾರ ನೋಡಲಾರನೆಂದು ಮಕ್ಕಳು ನ್ಯಾಯಸ್ಥಾನಕ್ಕೆ ದೂರಿತ್ತರೆಂದೂ, ವೃದ್ಧ ಕವಿಯು ತಾನು ಆಗ ಬರೆಯುತ್ತಿದ್ದ ಕೊಲೋನಸಿನ ಈಡಿಪಸ್ ನಾಟಕದ ಭಾಗವನ್ನು ಸಭೆಯ ಮುಂದೆ ಓದಿ, ಇದು ಬುದ್ಧಿಗೆಟ್ಟವನ ಕೃತಿಯೇ ಎಂದು ಕೇಳಿ ಬಿಡುಗಡೆ ಹೊಂದಿದನೆಂದೂ ಪ್ರಾಚೀನರು ಹೇಳಿಕೊಂಡು ಬಂದಿದ್ದಾರೆ. ಇದು ಇತಿಹಾಸವೋ ಕಟ್ಟುಕಥೆಯೋ ಎಂದು ಪಂಡಿತರು ಸಂಶಯಿಸುತ್ತಾರೆ. ಆದರೆ ತೊಂಬತ್ತರ ಸಮೀಪದಲ್ಲಿಯೂ ಅವನು ಬರೆಯುತ್ತಿದ್ದುದು ನಿಜ. ಕ್ರಿ.ಪೂ. 409ರಲ್ಲಿ ಅವನ ಫಿಲೊಕ್ಟಿಟೀಸ್ ನಾಟಕವು ಪ್ರಥಮ ಬಹುಮಾನವನ್ನು ಗಳಿಸಿತು.

ಕೊಲೋನಸಿನ ಈಡಿಪಸ್ ಅವನ ಕೊನೆಯ ಕೃತಿ. ಕುರುಡನಾಗಿ, ತನ್ನ ನಾಡಿನಿಂದ ಹೊರದೂಡಲ್ಪಟ್ಟ ವೃದ್ಧ ಈಡಿಪಸನು ಮಗಳ ಕೈಹಿಡಿದು ಅಲೆಯುತ್ತ ಕೊಲೋನಸಿಗೆ ಬರುತ್ತಾನೆ. ಊರಿನವರು ಮೊದಲು ಅಂಜುತ್ತಾರೆ. ಕೊನೆಗೆ ಅಥೆನ್ಸಿನ ದೊರೆ ಥೀಸಿಯಸನು ಆಶ್ರಯ ಕೊಡುತ್ತಾನೆ. ಪರನಾಡಿನ ಆ ಮುದುಕನು ಆಶ್ರಯವಿತ್ತ ಮಣ್ಣಿಗೇ ರಕ್ಷೆಯಾಗಿ ಅಲ್ಲಿಯೇ ಕಣ್ಮರೆಯಾಗುತ್ತಾನೆ. ತಾನು ಹುಟ್ಟಿದ ಪುಟ್ಟ ಹಳ್ಳಿಯನ್ನೂ, ಅಲ್ಲಿಯ ಆಲಿವ್ ಮರಗಳನ್ನೂ, ಹಕ್ಕಿಗಳ ಹಾಡನ್ನೂ ಕವಿಯು ಈ ನಾಟಕದಲ್ಲಿ ಚಿರಸ್ಥಾಯಿಗೊಳಿಸಿದ್ದಾನೆ.

ಕ್ರಿ.ಪೂ. 406ರಲ್ಲಿ ಪ್ರತಿಸ್ಪರ್ಧಿಯಾದ ಯೂರಿಪಿಡೀಸನು ಪರನಾಡಿನಲ್ಲಿ ತೀರಿಕೊಂಡ ವಾರ್ತೆ ಬಂದಿತು. ಸೊಫೊಕ್ಲಿಸನು ತಾನು ಶೋಕವಸ್ತ್ರ ಧರಿಸಿ, ಮೇಳದವರ ತಲೆಯ ಹೂಮಾಲೆ ತೆಗೆಸಿ ಜನರ ಮುಂದೆ ಬಂದನಂತೆ. ಕೆಲವು ತಿಂಗಳುಗಳಲ್ಲಿ ಅವನೂ ಕಾಲವಾದನು. ಪೂರ್ವಿಕರ ಸಮಾಧಿಗೆ ಹೋಗುವ ದಾರಿಯು ಆಗ ಸ್ಪಾರ್ಟಾ ಸೈನ್ಯದ ವಶದಲ್ಲಿತ್ತು. ಸತ್ತವನು ಯಾರೆಂದು ತಿಳಿದು ಶತ್ರುಗಳೇ ದಾರಿ ಬಿಟ್ಟರೆಂದು ಐತಿಹ್ಯ. ಸಂಸ್ಕಾರವಂಚಿತರ ಪರವಾಗಿ ಎರಡು ನಾಟಕಗಳಲ್ಲಿ ವಾದಿಸಿದ ಕವಿಗೆ ಇದಕ್ಕಿಂತ ತಕ್ಕ ಗೌರವವುಂಟೆ?

ಕ್ರಿ.ಪೂ. 404ರಲ್ಲಿ ಅಥೆನ್ಸ್ ಸೋತು ಶರಣಾಯಿತು; ಅದರ ಕೋಟೆಗೋಡೆಗಳನ್ನು ಕೆಡವಲಾಯಿತು. ಆ ಸೋಲಿನ ಬೆನ್ನಿಗೆ, ಕ್ರಿ.ಪೂ. 401ರಲ್ಲಿ, ಕವಿಯ ಹೆಸರನ್ನೇ ಹೊತ್ತ ಅವನ ಮೊಮ್ಮಗನು ಅಜ್ಜನ ಕೊನೆಯ ನಾಟಕವನ್ನು ಅದೇ ಇಳಿಜಾರಿನಲ್ಲಿ ಆಡಿಸಿದನು. ನೂರ ಇಪ್ಪತ್ತಕ್ಕೂ ಮಿಕ್ಕ ಆ ನಾಟಕಗಳಲ್ಲಿ ಇಂದು ಪೂರ್ಣವಾಗಿ ಉಳಿದಿರುವುವು ಏಳು ಮಾತ್ರ. ಪಂಡಿತರು ಇದಕ್ಕೆ ಕೊಡುವ ಮುಖ್ಯ ಕಾರಣವು ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿತು. ಪಾಠಶಾಲೆಗಳಲ್ಲಿ ಓದಿಸಲೆಂದು ಆರಿಸಿದ ನಾಟಕಗಳ ಪ್ರತಿಗಳನ್ನು ಉಪಾಧ್ಯಾಯರೂ ವಿದ್ಯಾರ್ಥಿಗಳೂ ತಲೆಮಾರಿನಿಂದ ತಲೆಮಾರಿಗೆ ಬರೆದುಕೊಳ್ಳುತ್ತ ಬಂದರು, ಅವು ಉಳಿದವು. ಶಾಲೆಯಲ್ಲಿ ಕಲಿಸದವು ಬಹುಮಟ್ಟಿಗೆ ಅಳಿದವು. ಹೆಸರಿಲ್ಲದ ಸಾವಿರಾರು ಉಪಾಧ್ಯಾಯರು ಸೊಫೊಕ್ಲಿಸನನ್ನು ನಮಗೆ ಉಳಿಸಿಕೊಟ್ಟರು.

ಆರಂಭದಲ್ಲಿ ಹೇಳಿದ ಸಂಬಂಧವು ಇದೇ. ನಿವೃತ್ತನಾದ ಮೇಲೆ ನನ್ನ ಕಾರ್ಯವು ಮುಗಿಯಿತೆಂದು ಭಾವಿಸಿ ಕೆಲವು ವರ್ಷ ಸುಮ್ಮನೆ ಕುಳಿತಿದ್ದೆ. ಮೂರು ದಶಕಗಳ ಕಾಲ ಊರ ಮಕ್ಕಳಿಗೆಲ್ಲ ಕನ್ನಡದ ಅಕ್ಷರ ತಿದ್ದಿಸಿದ ನನ್ನ ಮನೆಯಲ್ಲಿಯೇ, ಬೇರೆ ಮಾಧ್ಯಮದಲ್ಲಿ ಕಲಿಯುವ ಮೊಮ್ಮಗಳು ಕನ್ನಡದ ಒಂದು ಸಾಲನ್ನು ಓದಲು ತಡವರಿಸುವುದನ್ನು ಒಂದು ದಿನ ಕಂಡೆ. ತಪ್ಪು ಮಗುವಿನದಲ್ಲ, ಕಲಿಸಬೇಕಾದವನು ಮನೆಯಲ್ಲಿಯೇ ಇದ್ದನು. ಅಜ್ಜನ ನಾಟಕವನ್ನು ಆಡಿಸಿದ ಆ ಮೊಮ್ಮಗನ ನೆನಪಾಗಿ ನನಗೆ ನಾಚಿಕೆಯಾಯಿತು. ಕಳೆದ ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಜಗಲಿಯಲ್ಲಿ ಕುಳಿತು ಓದುತ್ತೇವೆ. ನೆರೆಮನೆಯ ಮೂವರು ಮಕ್ಕಳೂ ಬರತೊಡಗಿದ್ದಾರೆ. ಈಗ ಅಂತಿಗೊನೆಯ ಕಥೆ ನಡೆಯುತ್ತಿದೆ. ತಂಗಿಯ ಮಾತುಗಳನ್ನು ಓದುವ ಸರದಿ ಮೊಮ್ಮಗಳದು.

ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ನನ್ನ ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಇಂದು ದೂರದ ಊರುಗಳಲ್ಲಿದ್ದೀರಿ. ಶಾಲೆಗೆ ನೀವು ಕೊಟ್ಟ ಕಟ್ಟಡ, ಪೀಠೋಪಕರಣಗಳಿಗಾಗಿ ನಾವು ಕೃತಜ್ಞರು. ಅದರೊಡನೆ ಈ ವೃದ್ಧನದೊಂದು ಕೋರಿಕೆ: ಇಂದು ರಾತ್ರಿ ಈ ಸಂಚಿಕೆಯ ಒಂದು ಪುಟವನ್ನು ನಿಮ್ಮ ಮನೆಯ ಮಗುವಿನ ಕೈಗೆ ಕೊಟ್ಟು, ಗಟ್ಟಿಯಾಗಿ ಓದಿಸಿರಿ.