ಉತ್ತಂಗಿ ಚನ್ನಪ್ಪನವರು: ಪಡೆದ ತಲಾಂತಿನ ವಿನಿಯೋಗ

ಬೆಳಗಾವಿಯಲ್ಲಿ 1820ರಿಂದ ಲಂಡನ್ ಮಿಷನ್, ಧಾರವಾಡದಲ್ಲಿ 1837ರಿಂದ ಬಾಸೆಲ್ ಮಿಷನ್ ನೆಲೆಯೂರಿದವು. ಬಾಸೆಲ್ ಮಿಷನ್ನಿನ ಮೊಗ್ಲಿಂಗ್, ಕಿಟೆಲ್ ಮೊದಲಾದ ವಿದೇಶೀ ಪಾದ್ರಿಗಳ ಕನ್ನಡಸೇವೆಯನ್ನು ಕುರಿತು ನಮ್ಮಲ್ಲಿ ವಿಪುಲವಾಗಿ ಬರೆಯಲಾಗಿದೆ. ಅದೇ ಮಿಷನ್ನಿನ ಆಶ್ರಯದಲ್ಲಿ ಬೆಳೆದ ಈ ನೆಲದ ಬೋಧಕರಾದ ರೆವರೆಂಡ್ ಉತ್ತಂಗಿ ಚನ್ನಪ್ಪನವರಾದರೋ ಸರ್ವಜ್ಞನ ಪ್ರಸ್ತಾಪ ಬಂದಾಗಲಷ್ಟೇ ನೆನಪಾಗುತ್ತಾರೆ. ಅವರ ಸಾಹಿತ್ಯಸೇವೆಯನ್ನು ಅವರ ಕ್ರೈಸ್ತನಿಷ್ಠೆಯಿಂದ ಬೇರ್ಪಡಿಸಿ ನೋಡುವ ರೂಢಿಯೂ ಇದೆ. ಈ ರೂಢಿ ಸರಿಯಲ್ಲವೆಂದು ತೋರುತ್ತದೆ.

ಚನ್ನಪ್ಪನವರು ಜನಿಸಿದ್ದು 1881ರ ಅಕ್ಟೋಬರ್ 28ರಂದು, ಧಾರವಾಡದಲ್ಲಿ. ಅವರದು ಕ್ರೈಸ್ತ ಮತವನ್ನು ಸ್ವೀಕರಿಸಿದ್ದ ಲಿಂಗಾಯತ ಮನೆತನ. ಮಂಗಳೂರಿನ ಬಾಸೆಲ್ ಮಿಷನ್ ದೇವಜ್ಞಾನಶಾಲೆಯಲ್ಲಿ ಅಧ್ಯಯನ ಮುಗಿಸಿ ಉತ್ತರ ಕರ್ನಾಟಕದ ಸಭೆಗಳಲ್ಲಿ ಬೋಧಕರಾದರು. ಸರಳ ಉಡುಪು, ಮಿತವಾದ ಆದಾಯ. 'ತಿರುಳ್ಗನ್ನಡದ ತಿರುಕ' ಎಂದು ತಮ್ಮನ್ನು ಕರೆದುಕೊಂಡದ್ದು ಬರಿಯ ವಿನಯದ ಮಾತಾಗಿರಲಿಲ್ಲ.

ಸರ್ವಜ್ಞನ ತ್ರಿಪದಿಗಳು ಆ ಕಾಲಕ್ಕೆ ಹಳ್ಳಿಗರ ನಾಲಗೆಯ ಮೇಲೆ, ಮಠಮನೆಗಳ ಕಟ್ಟುಗಳಲ್ಲಿ ಚದರಿಹೋಗಿದ್ದವು. ಪಾಠಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅನ್ಯರ ರಚನೆಗಳೂ ಸರ್ವಜ್ಞನ ಅಂಕಿತ ಹೊತ್ತು ಸೇರಿಕೊಂಡಿದ್ದವು. ಬೋಧಕವೃತ್ತಿಯ ಸಂಚಾರ ಚನ್ನಪ್ಪನವರಿಗೆ ಇಲ್ಲಿ ನೆರವಾಯಿತು. ಸುವಾರ್ತೆ ಹೇಳಲು ಹೋದ ಊರುಗಳಲ್ಲಿ ಜನರ ಬಾಯಿಂದ ವಚನಗಳನ್ನು ಕೇಳಿ ಬರೆದುಕೊಂಡರು; ಹಸ್ತಪ್ರತಿಗಳನ್ನು ಹುಡುಕಿ, ಪಾಠಗಳನ್ನು ತಾಳೆ ನೋಡಿ, ವಿಷಯಾನುಗುಣವಾಗಿ ವಿಂಗಡಿಸಿದರು. ಸುಮಾರು 2000 ವಚನಗಳ ಈ ಸಂಕಲನ 1924ರಲ್ಲಿ ಹೊರಬಂದಿತು. ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಪ್ರಕಟವಾದದ್ದು ಅದರ ಹಿಂದಿನ ವರ್ಷ. ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದದ್ದು 1924ರ ಡಿಸೆಂಬರಿನಲ್ಲಿ. ನಾಡು ತನ್ನ ಗತವನ್ನು ಹುಡುಕಿಕೊಳ್ಳುತ್ತಿದ್ದ ಆ ಹೊತ್ತಿನಲ್ಲಿ ಪಾದ್ರಿಯೊಬ್ಬರು ಈ ಕೃತಿಯನ್ನು ನೀಡಿದರೆಂಬುದು ಗಮನಾರ್ಹ. ಎಲ್ಲ ವಚನಗಳೂ ಸರ್ವಜ್ಞನವೇ ಎಂಬುದನ್ನು ಇಂದಿನ ವಿದ್ವಾಂಸರು ಒಪ್ಪಲಾರರು; ಆದರೆ ಅವರು ಪರಿಶೀಲಿಸುವುದಕ್ಕೆ ಬೇಕಾದ ಸಾಮಗ್ರಿಯನ್ನು ಕೂಡಿಸಿಟ್ಟವರು ಚನ್ನಪ್ಪನವರೇ.

ಸಭೆಯ ಸೇವಕನಿಗೆ ಈ ಕೆಲಸವೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಮತ್ತಾಯನ ಸುವಾರ್ತೆಯಲ್ಲಿ ಒಡೆಯನು ಆಳುಗಳಿಗೆ ಐದು, ಎರಡು, ಒಂದು ತಲಾಂತುಗಳನ್ನು ಒಪ್ಪಿಸಿ ಹೋಗುವ ಸಾಮ್ಯವಿದೆ. ತನ್ನ ಪಾಲನ್ನು ನೆಲದಲ್ಲಿ ಹೂತಿಟ್ಟವನು ಅಲ್ಲಿ ತಪ್ಪಿತಸ್ಥನಾಗುತ್ತಾನೆ. ದೇವರು ಕೊಟ್ಟ ವರ ಒಡೆತನವಲ್ಲ, ಹೊಣೆ ಎಂಬುದು ಇದರ ಇಂಗಿತ. ಆದರೆ ಆ ತಲಾಂತನ್ನು ವಿನಿಯೋಗಿಸಬೇಕಾದದ್ದು ಎಲ್ಲಿ? ಸಭೆಯ ಆವರಣದೊಳಗೆ ಮಾತ್ರವೇ? ಚನ್ನಪ್ಪನವರ ಬದುಕು ಇದಕ್ಕೆ ಅಲ್ಲವೆಂದೇ ಉತ್ತರಿಸುತ್ತದೆ. ತಮ್ಮ ವಿದ್ವತ್ತನ್ನು ಅವರು ಮತಾಂತರದ ಬೆಲೆಗೆ ಮಾರಲಿಲ್ಲ. 'ಬನಾರಸಕ್ಕೆ ಬೆತ್ಲೆಹೇಮಿನ ವಿಜ್ಞಾಪನೆ'ಯನ್ನು ಬರೆದ ಅವರು ಕ್ರಿಸ್ತನನ್ನು ಮರೆಮಾಚಿದವರೂ ಅಲ್ಲ. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಅವರ ಕಾಲದಲ್ಲಿ ಸುಲಭವಾಗಿರಲಿಲ್ಲ. ನಮ್ಮ ಕಾಲದಲ್ಲಿಯೂ ಸುಲಭವಲ್ಲ.

ಅನುಭವಮಂಟಪವೆಂಬುದು ಇತ್ತೇ ಎಂದು ಕಪಟರಾಳ ಕೃಷ್ಣರಾಯರು ಸಂಶಯವೆತ್ತಿದಾಗ, ಆಧಾರಗಳನ್ನು ಕಲೆಹಾಕಿ 'ಅನುಭವಮಂಟಪದ ಐತಿಹಾಸಿಕತೆ'ಯನ್ನು ಬರೆದವರು ಈ ಕ್ರೈಸ್ತ ಬೋಧಕರು. ಪೂರ್ವಜರು ಬಿಟ್ಟುಬಂದ ಧರ್ಮದ ಪರವಾಗಿ ಅವರು ಮಂಡಿಸಿದ ವಾದದಲ್ಲಿ ಸಂಶೋಧಕನ ನಿಷ್ಠೆಯಷ್ಟೇ ಅಲ್ಲ, ಋಣಭಾವವೂ ಇದೆ. ಅದರ ಕೆಲವು ನಿರ್ಣಯಗಳು ಇಂದಿಗೂ ಚರ್ಚಾರ್ಹವೆನ್ನಬೇಕು. 1949ರಲ್ಲಿ ಕಲಬುರಗಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಬರಮಾಡಿಕೊಂಡಿತು. 1962ರ ಆಗಸ್ಟ್ 28ರಂದು ಅವರು ನಿಧನರಾದರು.

ಇಳಿವಯಸ್ಸಿನಲ್ಲಿ ಚನ್ನಪ್ಪನವರು ಸಂಪಾದಿಸಿದ ವಚನಗಳಲ್ಲಿ ಮೋಳಿಗೆ ಮಾರಯ್ಯ, ರಾಣಿ ಮಹಾದೇವಿಯರ ವಚನಗಳೂ ಸೇರಿವೆ. ಆ ಮಾರಯ್ಯ ಕಾಶ್ಮೀರದ ಅರಸನಾಗಿದ್ದನೆಂದೂ, ರಾಜ್ಯ ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿದ ಹಣದಿಂದ ದಾಸೋಹ ನಡೆಸಿದನೆಂದೂ ಶರಣಪರಂಪರೆ ಹೇಳುತ್ತದೆ.