ರೇಚಲ್ ಕಾರ್ಸನ್

ಹಂಪೆಯ ಬಳಿ ತುಂಗಭದ್ರೆಯ ನೀರು ಇಳಿದಾಗ ಬಂಡೆಗಳ ನಡುವಣ ಕಲ್ಲೊಂದನ್ನು ಎತ್ತಿ ತಿರುವಿ ನೋಡಿರಿ. ಅದರ ಅಡಿಯಲ್ಲಿ ಪುಟ್ಟ ಮರಿಹುಳುಗಳು ಅಂಟಿಕೊಂಡಿರುವುದು ಕಾಣುತ್ತದೆ. ನಾವು ಅವನ್ನು ಲಕ್ಷಿಸುವುದಿಲ್ಲ. ಮೀನಿನ ಮರಿಗಳಿಗಾದರೋ ಅವೇ ಆಹಾರ. ಇಂಥ ಅಲ್ಪಜೀವಿಗಳ ಪರವಾಗಿ ಲೇಖನಿ ಹಿಡಿದು ಬಲಿಷ್ಠ ಉದ್ಯಮವೊಂದನ್ನು ಎದುರಿಸಿದವಳು ರೇಚಲ್ ಕಾರ್ಸನ್.

1907ರ ಮೇ 27ರಂದು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಊರಿನಲ್ಲಿ ಆಕೆ ಜನಿಸಿದಳು. ಮನೆಯಲ್ಲಿ ಸಿರಿತನವಿರಲಿಲ್ಲ; ಸುತ್ತಲೂ ಹೊಲ, ಅಡವಿ, ಸಮೀಪದಲ್ಲೇ ಅಲೆಗೆನಿ ನದಿ. ತಾಯಿ ಮರಿಯಾ ಮಗಳನ್ನು ಜೊತೆಯಲ್ಲಿ ಕರೆದೊಯ್ದು ಹಕ್ಕಿ, ಹುಳು, ಹೂವುಗಳ ಪರಿಚಯ ಮಾಡಿಸಿದಳು. ಹನ್ನೊಂದನೆಯ ವಯಸ್ಸಿನಲ್ಲಿಯೇ ಬಾಲಕಿಯ ಕಥೆಯೊಂದು ಮಕ್ಕಳ ಪತ್ರಿಕೆಯಲ್ಲಿ ಅಚ್ಚಾಯಿತು. ಸಾಹಿತ್ಯವನ್ನು ಓದಲೆಂದು ಕಾಲೇಜು ಸೇರಿದವಳು ನಡುವೆ ಜೀವವಿಜ್ಞಾನಕ್ಕೆ ತಿರುಗಿ, 1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಪಡೆದಳು. ಮುಂದಿನ ವ್ಯಾಸಂಗಕ್ಕೆ ಬಡತನ ಅಡ್ಡಬಂದಿತು. 1935ರಲ್ಲಿ ತಂದೆ ತೀರಿಕೊಂಡನು. ಮರುವರ್ಷ ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿ ನೌಕರಿ ಹಿಡಿದು ಸಂಸಾರದ ಭಾರವನ್ನು ಹೊತ್ತಳು. ಕಚೇರಿಯ ಕೆಲಸ ಮುಗಿಸಿ ರಾತ್ರಿಯ ವೇಳೆ ಬರೆಯುತ್ತಿದ್ದಳು. ಕಡಲನ್ನು ಕುರಿತು ಆಕೆ 1951ರಲ್ಲಿ ಪ್ರಕಟಿಸಿದ ಗ್ರಂಥ ಅಪಾರ ಜನಪ್ರಿಯತೆ ಗಳಿಸಿತು. ಮರುವರ್ಷವೇ ನೌಕರಿಯನ್ನು ತ್ಯಜಿಸಿ ಬರವಣಿಗೆಗೆ ತನ್ನನ್ನು ಒಪ್ಪಿಸಿಕೊಂಡಳು.

ಆಗ ಡಿ.ಡಿ.ಟಿ.ಯ ಕೀರ್ತಿ ಎಲ್ಲೆಡೆ ಹಬ್ಬಿದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೇನು, ಸೊಳ್ಳೆಗಳನ್ನು ಕೊಂದು ಅಸಂಖ್ಯಾತ ಪ್ರಾಣಗಳನ್ನು ಅದು ಉಳಿಸಿತ್ತೆಂಬುದನ್ನು ಮರೆಯುವುದು ನ್ಯಾಯವಲ್ಲ. ಆದರೆ ಯುದ್ಧ ಮುಗಿದ ಮೇಲೆ ಅದನ್ನು ವಿಮಾನಗಳಿಂದ ಕಾಡುಗಳ ಮೇಲೆ ಸುರಿಯತೊಡಗಿದರು. ಕೆನಡದ ಮಿರಮಿಶಿ ನದಿಯ ಸುತ್ತಣ ಅರಣ್ಯದಲ್ಲಿ ಮರಗಳ ಮೊಗ್ಗು, ಎಲೆಗಳನ್ನು ತಿನ್ನುವ ಹುಳುವಿನ ಹಾವಳಿಯಿತ್ತು. 1954ರ ಜೂನ್ ತಿಂಗಳಲ್ಲಿ ಅಲ್ಲಿ ಎಣ್ಣೆಯಲ್ಲಿ ಕರಗಿಸಿದ ಡಿ.ಡಿ.ಟಿ.ಯನ್ನು ಸಿಂಪಡಿಸಿದರು. ಎಲೆಗಳ ಮೇಲೆ ಬಿದ್ದಂತೆಯೇ ವಿಷ ತೊರೆಗಳ ಮೇಲೂ ಬಿದ್ದಿತು. ಎರಡು ದಿನಗಳಲ್ಲಿ ಸತ್ತ ಮೀನುಗಳು ದಂಡೆಯುದ್ದಕ್ಕೂ ಕಾಣಿಸಿಕೊಂಡವು. ಸಾಯದೆ ಉಳಿದ ಮರಿಗಳಿಗೂ ಬದುಕಿಲ್ಲ, ಏಕೆಂದರೆ ಕಲ್ಲಡಿಯ ಹುಳುಗಳು ನಾಶವಾಗಿದ್ದವು. ಆ ವಸಂತದಲ್ಲಿ ಹುಟ್ಟಿದ ಸಾಲ್ಮನ್ ಮರಿಗಳಲ್ಲಿ ಒಂದೂ ಉಳಿಯಲಿಲ್ಲವೆನ್ನಬಹುದು. ಮೀನುಗಾರಿಕೆಯ ತಜ್ಞರು 1950ರಿಂದಲೇ ಆ ನದಿಯ ಮೀನುಗಳನ್ನು ಎಣಿಸುತ್ತ ಬಂದಿದ್ದರು. ಆದುದರಿಂದಲೇ ನಷ್ಟದ ಲೆಕ್ಕ ಸ್ಪಷ್ಟವಾಯಿತು. ಲೆಕ್ಕವಿಲ್ಲದ ತೊರೆಗಳ ಗತಿಯೇನಾಯಿತೋ!

1958ರಲ್ಲಿ ಗೆಳತಿಯೊಬ್ಬಳು, ಸಿಂಪಡಣೆಯ ಬಳಿಕ ತನ್ನ ತೋಟದ ಸುತ್ತ ಹಕ್ಕಿಗಳು ಸತ್ತುಬಿದ್ದ ಸಂಗತಿಯನ್ನು ತಿಳಿಸಿದಳು. ಕಾರ್ಸನ್ ನಾಲ್ಕು ವರ್ಷ ವರದಿಗಳನ್ನು ಕಲೆಹಾಕಿದಳು. ಮಿರಮಿಶಿಯ ವೃತ್ತಾಂತವೂ ಅವುಗಳಲ್ಲಿ ಒಂದು. ಅಷ್ಟರಲ್ಲಿ ತಾಯಿ ತೀರಿಕೊಂಡಳು. ಅನಾಥನಾದ, ಅಕ್ಕನ ಮೊಮ್ಮಗನೊಬ್ಬನನ್ನು ಸಾಕುವ ಹೊಣೆಯೂ ಇತ್ತು. 1960ರಲ್ಲಿ ಸ್ತನದ ಕ್ಯಾನ್ಸರ್ ಕಾಣಿಸಿಕೊಂಡಿತು. ತನ್ನ ರೋಗವನ್ನು ವಿರೋಧಿಗಳು ಅಸ್ತ್ರ ಮಾಡಿಕೊಂಡಾರೆಂದು ಆಕೆ ಅದನ್ನು ಗೋಪ್ಯವಾಗಿಟ್ಟಳು.

1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಹೊರಬಂದಿತು. ಕೀಟನಾಶಕ ತಯಾರಿಸುವ ಕಂಪನಿಯೊಂದು ಪ್ರಕಟಣೆಗೆ ಮೊದಲೇ ಮೊಕದ್ದಮೆಯ ಬೆದರಿಕೆ ಒಡ್ಡಿತ್ತು. ಭಾವುಕಳಾದ ಹೆಂಗಸೆಂದು ಕೆಲವರು ಹಳಿದರು. ಅಚ್ಚರಿಯೆಂದರೆ, ಕೀಟನಾಶಕಗಳನ್ನು ಪೂರ್ತಿಯಾಗಿ ತೊರೆಯಬೇಕೆಂದು ಆಕೆ ಎಲ್ಲಿಯೂ ಹೇಳಿರಲಿಲ್ಲ. ಪರಿಣಾಮವನ್ನರಿಯದೆ ಎಲ್ಲೆಂದರಲ್ಲಿ ಸುರಿಯಬಾರದೆಂಬುದಷ್ಟೇ ಆಕೆಯ ವಾದ. ಅಧ್ಯಕ್ಷ ಕೆನಡಿಯ ವಿಜ್ಞಾನ ಸಲಹಾ ಸಮಿತಿ 1963ರ ಮೇ ತಿಂಗಳಲ್ಲಿ ಬಹುಮಟ್ಟಿಗೆ ಆಕೆಯ ಪಕ್ಷವನ್ನೇ ಎತ್ತಿಹಿಡಿಯಿತು. ಮುಂದಿನ ತಿಂಗಳು ಕಾಯಿಲೆಯ ನಡುವೆಯೂ ಆಕೆ ಸೆನೆಟ್ ಸಮಿತಿಯೆದುರು ಹೇಳಿಕೆ ಕೊಟ್ಟಳು. 1964ರ ಏಪ್ರಿಲ್ 14ರಂದು, ಐವತ್ತಾರನೆಯ ವಯಸ್ಸಿನಲ್ಲಿ, ನಿಧನಳಾದಳು. ಅಮೆರಿಕ ಡಿ.ಡಿ.ಟಿ.ಯ ಬಳಕೆಯನ್ನು ನಿಷೇಧಿಸಿದ್ದು 1972ರಲ್ಲಿ.

ಆ ಬಳಿಕವೂ, 1970ರ ದಶಕದ ಕೊನೆಯಿಂದ 2000ದವರೆಗೆ, ಕನ್ನಡಿಗರೂ ನೆಲೆಸಿರುವ ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ತೋಟಗಳಿದ್ದುದು ಗುಡ್ಡದ ಮೇಲೆ. ಜನ ಕುಡಿಯುವ ನೀರಿದ್ದುದು ಕೆಳಗಿನ ತೋಡು, ಬಾವಿಗಳಲ್ಲಿ. 2001ರಲ್ಲಿ ಪಡ್ರೆ ಗ್ರಾಮದ ನೀರನ್ನೂ ಜನರ ರಕ್ತವನ್ನೂ ಪರೀಕ್ಷಿಸಿದಾಗ ಎರಡರಲ್ಲಿಯೂ ಆ ವಿಷ ಕಂಡುಬಂದಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ತಯಾರಿಕೆ, ಮಾರಾಟಗಳನ್ನು ದೇಶದಾದ್ಯಂತ ತಡೆಯಿತು. ಆ ವೇಳೆಗೆ, ಗುಡ್ಡಗಳ ಕೆಳಗಿನ ಮನೆಗಳಲ್ಲಿ ಹಾಸಿಗೆ ಹಿಡಿದಿದ್ದ ಹಲವು ಮಕ್ಕಳು ಹಾಸಿಗೆಯಲ್ಲಿಯೇ ದೊಡ್ಡವರಾಗಿದ್ದರು.