ಕೀಟಗಳನ್ನು ನೋಡಿ ಕಲಿತ ಚಿತ್ರಕಾರ

ಜಪಾನಿನ ಮಾಂಗಾ ಪಾತ್ರವೊಂದನ್ನು ಬರೆಯಲು ಕಲಿಯುವುದು ಮೇಲ್ನೋಟಕ್ಕೆ ಸುಲಭ. ಒಂದು ವೃತ್ತ, ಅದರೊಳಗೆ ಅಡ್ಡಕ್ಕೂ ಉದ್ದಕ್ಕೂ ಒಂದೊಂದು ಗೆರೆ, ಚೂಪಾದ ಗಲ್ಲ, ಮುಖವನ್ನೆಲ್ಲ ಆವರಿಸುವ ಕಣ್ಣುಗಳು. ಮೂಗೆಂದರೆ ಬರೀ ಚುಕ್ಕಿ. ನಮ್ಮ ಮನೆಗಳ ಮಕ್ಕಳ ನೋಟುಪುಸ್ತಕದ ಕೊನೆಯ ಹಾಳೆಗಳಲ್ಲೂ ಈಗ ಇವೇ ಕಣ್ಣುಗಳು. ಇದೆಲ್ಲ ನಕಲು ಎಂದು ಮೂಗು ಮುರಿಯುವ ಹಿರಿಯರನ್ನೂ, ಸೂತ್ರ ಕೈವಶವಾದೊಡನೆ ಕಲೆಯೇ ಒಲಿಯಿತೆಂದು ಬೀಗುವ ಕಿರಿಯರನ್ನೂ ಕಂಡಾಗ ನನಗೆ ಒಸಾಮು ತೆಜುಕಾ ಅವರ ಬದುಕು ನೆನಪಾಗುತ್ತದೆ. ಆ ಕಣ್ಣುಗಳು ಮನೆಮಾತಾಗಲು ಮುಖ್ಯ ಕಾರಣರಾದವರು ಅವರು.

ತೆಜುಕಾ ಹುಟ್ಟಿದ್ದು 1928ರ ನವೆಂಬರ್ 3ರಂದು, ಒಸಾಕಾ ಪ್ರಾಂತ್ಯದ ತೊಯೊನಾಕಾದಲ್ಲಿ. ಬೆಳೆದದ್ದು ಸಮೀಪದ ತಕಾರಾಜುಕಾ ಪಟ್ಟಣದಲ್ಲಿ. ಗಂಡು ಪಾತ್ರಗಳನ್ನೂ ಹೆಣ್ಣುಮಕ್ಕಳೇ ಅಭಿನಯಿಸುವ ಗೀತನಾಟಕ ಮಂಡಳಿಯಿಂದ ಹೆಸರಾದ ಊರು ಅದು. ತಾಯಿ ಮಗನನ್ನು ಆ ನಾಟಕಗಳಿಗೆ ಕರೆದೊಯ್ಯುತ್ತಿದ್ದರು. ತಂದೆ ಮನೆಯಲ್ಲೇ ಪ್ರೊಜೆಕ್ಟರ್ ಇಟ್ಟು ಡಿಸ್ನಿ ಚಿತ್ರಗಳನ್ನು ತೋರಿಸುತ್ತಿದ್ದರು. ರಂಗದ ಬೆಳಕಿನಲ್ಲಿ ಹೊಳೆಯುವ ನಟಿಯರ ಕಣ್ಣು, ಡಿಸ್ನಿ ಪ್ರಾಣಿಗಳ ದುಂಡುಮುಖ ಎರಡೂ ಅವರ ಗೆರೆಗಳಲ್ಲಿ ಬೆರೆತವು. ಅಂದರೆ, ಅವರೂ ಮೊದಲು ನಕಲು ಮಾಡಿಯೇ ಕಲಿತವರು.

ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಶಾಲಾದಿನಗಳಲ್ಲಿ ಅವರಿಗೆ ಕೀಟಗಳ ಹುಚ್ಚು. ಜೀರುಂಡೆ, ಚಿಟ್ಟೆಗಳನ್ನು ಸಂಗ್ರಹಿಸಿ ಕಾಲಿನ ಗೆಣ್ಣು, ರೆಕ್ಕೆಯ ನರಗಳನ್ನೂ ಬಿಡದೆ ಚಿತ್ರಿಸುತ್ತಿದ್ದರು. ‘ಒಸಾಮುಶಿ’ ಎಂಬ ಜೀರುಂಡೆಯ ಹೆಸರನ್ನು ನೆನೆದು ತಮ್ಮ ಹೆಸರಿಗೆ ‘ಹುಳು’ ಎಂಬರ್ಥದ ಅಕ್ಷರವನ್ನೇ ಸೇರಿಸಿಕೊಂಡರು. ಮುಂದೆ ಮೂರೇ ಗೆರೆಗಳಲ್ಲಿ ಒಂದು ಮುಖಕ್ಕೆ ಜೀವ ತುಂಬಿದ ಕೈ, ಹೀಗೆ ನೂರಾರು ಗೆರೆಗಳನ್ನು ತಾಳ್ಮೆಯಿಂದ ಎಳೆದು ಪಳಗಿತ್ತು.

1945ರಲ್ಲಿ ಒಸಾಕಾದ ಮೇಲೆ ಬಾಂಬುಗಳ ಮಳೆ ಸುರಿದಾಗ ಅವರು ಅಲ್ಲಿನ ಕಾರ್ಖಾನೆಯಲ್ಲಿ ಕಡ್ಡಾಯ ದುಡಿಮೆಯಲ್ಲಿದ್ದರು. ಕಂಡ ಸಾವುನೋವು ಅವರ ಕಥೆಗಳನ್ನು ಕೊನೆಯವರೆಗೂ ಬಿಡಲಿಲ್ಲ. ಯುದ್ಧಾನಂತರ ವೈದ್ಯಶಾಸ್ತ್ರ ಓದುತ್ತಲೇ ಚಿತ್ರ ಬರೆದರು. 1947ರ ‘ಶಿನ್ ತಕಾರಾಜಿಮಾ’ದ ಆರಂಭದಲ್ಲಿ ಬಂದರಿನತ್ತ ಧಾವಿಸುವ ಕಾರು ಚೌಕಟ್ಟಿನಿಂದ ಚೌಕಟ್ಟಿಗೆ ಸಿನಿಮಾದಂತೆ ಓಡಿತು. 1950ರಲ್ಲಿ ಮಾಂಗಾ ಬರೆಯುವುದನ್ನು ಕಲಿಸುವ ‘ಮಾಂಗಾ ದೈಗಾಕು’ ಪುಸ್ತಕವನ್ನು ಹೊರತಂದರು. ತಮ್ಮ ಚಿತ್ರಗಳನ್ನು ಅವರು ಸಂಕೇತಗಳ ಜೋಡಣೆಯೆಂದೇ ಭಾವಿಸಿದ್ದರು. ಅಕ್ಷರ ಕಲಿತವರೆಲ್ಲ ಕವಿಗಳಾಗುವುದಿಲ್ಲ. ಸಂಕೇತಗಳ ಮಾತೂ ಅಷ್ಟೇ ಎಂದು ನಾನು ತಿಳಿಯುತ್ತೇನೆ.

1952ರಲ್ಲಿ ಬಂದ ಅವರ ‘ಆಟಂ’ ಎಂಬ ರೋಬೋ ಬಾಲಕ 1963ರ ಜನವರಿ 1ರಂದು ಕಿರುತೆರೆ ಏರಿದ. ವಾರಕ್ಕೊಂದು ಕಂತು ಸಿದ್ಧಪಡಿಸಲು ಚಿತ್ರಗಳ ಸಂಖ್ಯೆಯನ್ನು ಇಳಿಸಿ, ಬಳಸಿದ್ದನ್ನೇ ಮತ್ತೆ ಬಳಸುವ ದಾರಿ ಹಿಡಿದರು. ಅನಿಮೆ ಮನೆಮನೆಗೆ ತಲುಪಿದ್ದು ಹೀಗೆ. ಆದರೆ ಖರ್ಚಿಗಿಂತ ಕಡಿಮೆ ದರಕ್ಕೆ ಕಂತುಗಳನ್ನು ಮಾರಿದ ಅವರ ನಡೆಯೇ ಆನಿಮೇಟರ್‌ಗಳ ಅಲ್ಪ ಸಂಬಳಕ್ಕೆ ನಾಂದಿಯಾಯಿತೆಂಬ ಟೀಕೆಯೂ ಇದೆ. ಅದನ್ನು ಮರೆಮಾಚಿ ಅವರನ್ನು ಹೊಗಳುವುದು ನ್ಯಾಯವಲ್ಲ. ಅವರು ಕಟ್ಟಿದ ಮುಶಿ ಪ್ರೊಡಕ್ಷನ್ 1973ರಲ್ಲಿ ದಿವಾಳಿಯಾಯಿತು.

ಆ ಸೋಲಿನ ವರ್ಷದಲ್ಲೇ ವೈದ್ಯನೊಬ್ಬನ ಕಥೆ ‘ಬ್ಲ್ಯಾಕ್ ಜ್ಯಾಕ್’ ಆರಂಭವಾಯಿತು. ಕಲಿತ ವೈದ್ಯಕೀಯ ವ್ಯರ್ಥವಾಗಲಿಲ್ಲ. 1972ರಿಂದ 1983ರವರೆಗೆ ನಮ್ಮ ನೆಲದ ಬುದ್ಧನ ಬದುಕನ್ನು ಅದೇ ದುಂಡು ಗೆರೆಗಳಲ್ಲಿ ಚಿತ್ರಿಸಿದರು. 1989ರ ಫೆಬ್ರುವರಿ 9ರಂದು, 60ರ ವಯಸ್ಸಿನಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡಾಗ, ಬರೆದ ಪುಟಗಳು ಸುಮಾರು 1.5 ಲಕ್ಷ.

ಮಕ್ಕಳು ಆ ಕಣ್ಣುಗಳನ್ನು ನಕಲು ಮಾಡಲಿ, ತಡೆಯುವುದು ಬೇಡ. ಜೊತೆಗೆ ಕಿಟಕಿಯ ಮೇಲೆ ಕುಳಿತ ಜೀರುಂಡೆಯನ್ನೂ, ಬಸ್ ನಿಲ್ದಾಣದಲ್ಲಿ ಕಾದು ದಣಿದ ಮುಖವನ್ನೂ ನೋಡಿ ಬರೆಯುವಂತೆ ಹೇಳೋಣ. ಪರೀಕ್ಷೆ ಹತ್ತಿರವಾದಾಗ ಆ ಪುಸ್ತಕವನ್ನು ಕಸಿದಿಡುವ ಮುನ್ನ ನಾವೂ ಒಮ್ಮೆ ಅದರ ಹಾಳೆಗಳನ್ನು ತಿರುವಿ ನೋಡುವುದು ಒಳ್ಳೆಯದು.